ಹುಲುಗಣ್ಣನ ಎರಡನೆಯ ನಡೆ

ಹರಪನಹಳ್ಳಿಯ ಬಸ್ ಸ್ಟ್ಯಾಂಡಿನ ಎದುರು ಮೆಕ್ಕೆಜೋಳದ ಅಂಗಡಿಗಳ ಸಾಲು ಮುಗಿಯುವಲ್ಲಿ ಹುಲುಗಣ್ಣನ ಹೊಲಿಗೆ ಅಂಗಡಿ ಇತ್ತು. ಈಗ ಅಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಆ ಕಡೆ ಹೋದಾಗಲೆಲ್ಲ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಒಳಗಿದ್ದವರು ಏನು ಬೇಕು ಅಂತ ಕೇಳುತ್ತಾರೆ, ನನಗೆ ಸುಮ್ಮನೆ ಸಿಟ್ಟು ಬರುತ್ತದೆ. ಏನು ಬೇಕು ಅಂತ ಹೇಳಲಿ? ೧೯೯೩ನೇ ಇಸವಿ ಬೇಕು ಅಂದರೆ ಕೊಡುತ್ತಾರಾ? ಏನೂ ಬೇಡ ಅಂತ ಹೇಳಿ ಮುಂದೆ ಹೋಗುತ್ತೇನೆ.

ಅವನ ಅಂಗಡಿಗೆ ನಾನು ಮೊದಲ ಸಲ ಕಾಲಿಟ್ಟದ್ದು ಜಗಳಕ್ಕೆ. ನಾನಾಗ ತೆಲಿಗಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮನೆ ಹರಪನಹಳ್ಳಿಯಲ್ಲಿ, ದಿನಾ ಬಸ್ಸಿನ ಓಡಾಟ. ಶಾಲೆ ಶುರುವಾಗುವ ಹೊತ್ತಿಗೆ ಬೇಕು ಅಂತ ಎರಡು ಪ್ಯಾಂಟಿನ ಬಟ್ಟೆ ಕೊಟ್ಟಿದ್ದೆ. ಗುರುವಾರ ಅಂದ, ಸೋಮವಾರ ಅಂದ, ಮತ್ತೆ ಗುರುವಾರ ಅಂದ. ಈ ಶಿವಯೋಗಪ್ಪ ಮೇಷ್ಟ್ರು ಅಂದರೆ ಯಾರು ಅಂತ ಇವನಿಗೆ ತೋರಿಸಿಯೇಬಿಡುತ್ತೇನೆ ಎಂದು ಬಸ್ಸಿಳಿದವನೇ ನೆಟ್ಟಗೆ ನುಗ್ಗಿದೆ. ಹುಲುಗಣ್ಣ ಕತ್ತರಿಸುವ ಟೇಬಲ್ಲಿನ ಮೇಲೆ ಒಂದು ಬಟ್ಟೆ ಹಾಸಿಕೊಂಡು, ಎದುರಿಗೆ ಯಾರೂ ಇಲ್ಲದೆ, ಒಬ್ಬನೇ ಚದುರಂಗ ಆಡುತ್ತಿದ್ದ. ಆ ಬಟ್ಟೆಯೂ ಎಂಥದ್ದು! ಶಾಲೆ ಮಕ್ಕಳ ಬಿಳಿ ಅಂಗಿಯ ಚೂರು, ಕೋಟಿನ ಕರಿ ಬಟ್ಟೆಯ ಚೂರು, ಒಂದಕ್ಕೊಂದು ಕೂಡಿಸಿ ಅರವತ್ನಾಲ್ಕು ಮನೆ ಹೊಲಿದಿದ್ದ. ಒಂದು ಗೆರೆ ಸೊಟ್ಟ ಇರಲಿಲ್ಲ. ನನ್ನ ಪ್ಯಾಂಟು ಮಾತ್ರ ಇನ್ನೂ ಕತ್ತರಿ ಕಂಡಿರಲಿಲ್ಲ.

ಬೈಯಲು ಬಾಯಿ ತೆಗೆದವನು, ಅಲ್ಲಿ ಕುದುರೆಯನ್ನು ಹಾಗೆ ಇಡಬಾರದು ಅಂದೆ. ಅವನು ಸ್ಟೂಲು ಎಳೆದು ಕೊಟ್ಟ. ಅವತ್ತಿನಿಂದ ಹತ್ತಿರ ಹತ್ತಿರ ನಾಲ್ಕು ವರ್ಷ, ಭಾನುವಾರ ಒಂದು ಬಿಟ್ಟು ದಿನಾ ಸಂಜೆ ಐದೂವರೆಯಿಂದ ಏಳೂವರೆವರೆಗೆ ನಾನು ಆ ಸ್ಟೂಲಿನ ಮೇಲೆಯೇ ಕೂತಿದ್ದೆ. ಪ್ಯಾಂಟು ಶ್ರಾವಣಕ್ಕೆ ಬಂತು. ಮನೆಯಲ್ಲಿ ನೀಲಗಂಗಮ್ಮ, ನನ್ನ ಹೆಂಡತಿ, ಆ ಟೇಲರನ ಹತ್ತಿರವೇ ಒಂದು ಹಾಸಿಗೆ ಹಾಕಿಸಿಕೊಳ್ಳಿ ಅಂತ ಅಣಕಿಸುತ್ತಿದ್ದಳು.

ಹುಲುಗಣ್ಣ ಯಾವತ್ತೂ ಕಪ್ಪು ಕಾಯಿಗಳನ್ನೇ ತೆಗೆದುಕೊಳ್ಳುತ್ತಿದ್ದ. ಚೆಸ್ಸಿನಲ್ಲಿ ಬಿಳಿಯವರು ಮೊದಲು ನಡೆಸಬೇಕಲ್ಲ, ಅಂಗಡಿ ತನ್ನದು, ಬಂದವರು ಮೊದಲು ಕೈ ಹಾಕಬೇಕು, ಅದು ಮರ್ಯಾದೆ ಅನ್ನುತ್ತಿದ್ದ. ಊಟಕ್ಕೆ ಕೂತಾಗ ಬೀಗರಿಗೆ ಮೊದಲು ಬಡಿಸುತ್ತಾರಲ್ಲ, ಹಾಗೆ. ನಾನೂ ಬೇಡ ಅನ್ನಲಿಲ್ಲ.

ನಾನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುತ್ತಿದ್ದೆ. ಅವನೂ ಅಷ್ಟೇ ನಡೆಸಿ ನನ್ನ ಕಾಲಾಳಿಗೆ ಎದುರು ನಿಲ್ಲಿಸುತ್ತಿದ್ದ. ನಾನು ಕುದುರೆ ಬಿಟ್ಟು ಆ ಕಾಲಾಳಿನ ಮೇಲೆ ಕಣ್ಣು ಹಾಕುತ್ತಿದ್ದೆ. ಇಲ್ಲಿ ಲೋಕವೆಲ್ಲ ತನ್ನದೂ ಒಂದು ಕುದುರೆ ತಂದು ಕಾಲಾಳನ್ನು ಕಾಯುತ್ತದೆ. ಹುಲುಗಣ್ಣ ಹಾಗೆ ಮಾಡುತ್ತಿರಲಿಲ್ಲ. ರಾಜನ ಪಕ್ಕದ ಒಂಟೆಯ ಮುಂದಿದ್ದ ಕಾಲಾಳನ್ನು ಒಂದೇ ಮನೆ ಮುಂದಕ್ಕೆ ನೂಕಿ, ಅದನ್ನು ಮೊದಲನೆಯದಕ್ಕೆ ಬೆಂಗಾವಲಾಗಿ ನಿಲ್ಲಿಸುತ್ತಿದ್ದ. ಅದು ಅವನ ಎರಡನೆಯ ನಡೆ. ನೋಡುವುದಕ್ಕೆ ಸಣ್ಣ ನಡೆ, ಸಾಧು ನಡೆ. ಆದರೆ ಅದರಿಂದ ರಾಜನ ಮಗ್ಗುಲು ಬರಿದಾಗುತ್ತದೆ. ಯಾಕಯ್ಯಾ ಹೀಗೆ ಅಂತ ಕೇಳಿದರೆ, ತನ್ನ ಅಪ್ಪ ಕಲಿಸಿದ್ದು ಅಂದ. ಕುದುರೆಯನ್ನು ಕಾವಲಿಗೆ ಇಟ್ಟರೆ ಅದು ಯಾವಾಗ ಬೇಕಾದರೂ ಜಿಗಿದು ಹೋಗುತ್ತದೆ, ಕಾಲಾಳು ಕಾಲಾಳಿನ ಕೈಬಿಡುವುದಿಲ್ಲ ಎನ್ನುವುದು ಅಪ್ಪನ ಲೆಕ್ಕ.

ಅಪ್ಪ ಓಬಳೇಶಪ್ಪ ನಮ್ಮ ಹರಪನಹಳ್ಳಿ ತಾಲ್ಲೂಕಿನದೇ ಅರಸೀಕೆರೆಯವರು. ನಲವತ್ತು ವರ್ಷ ಕುರಿ ಹಿಂದೆ ತಿರುಗಿದ ಮನುಷ್ಯ. ಮಧ್ಯಾಹ್ನ ಕುರಿ ನೆರಳಿಗೆ ಬಿದ್ದುಕೊಂಡಾಗ, ಕಂಬಳಿಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದು, ಬೇವಿನ ಕಟ್ಟಿಗೆ ಕೆತ್ತಿ ಮಾಡಿದ ಕಾಯಿಗಳಲ್ಲಿ ಆಡುತ್ತಿದ್ದರಂತೆ. ಆ ಆಟಕ್ಕೆ ಅದರದೇ ಕಾನೂನು. ಮುಖ್ಯವಾದದ್ದು ಒಂದು: ರಾಜ ತನ್ನ ಜೀವಮಾನದಲ್ಲಿ ಒಂದು ಸಲ, ಒಂದೇ ಸಲ, ಕುದುರೆಯಂತೆ ಹಾರಬಹುದು. ಶಹ, ಅಂದರೆ ಚೆಕ್, ಬಿದ್ದಾಗಲೂ ಹಾರಬಹುದು.

ಇದು ತಿಳಿದ ಮೇಲೆಯೇ ನನಗೆ ಆ ಎರಡನೆಯ ನಡೆಯ ಗುಟ್ಟು ತಿಳಿದದ್ದು. ಎದುರಾಳಿ ದುರಾಸೆಗೆ ಬಿದ್ದು ಕುದುರೆಯಿಂದ ಮೊದಲ ಕಾಲಾಳನ್ನು ಹೊಡೆದರೆ, ಬೆಂಗಾವಲಿನ ಕಾಲಾಳು ಆ ಕುದುರೆಯನ್ನು ಹೊಡೆಯುತ್ತದೆ. ಎದುರಾಳಿ ವಜೀರನನ್ನು ತಂದು ಶಹ ಕೊಡುತ್ತಾನೆ. ಆಗ ರಾಜ ಟಣ್ಣನೆ ಹಾರಿ, ಬೆಂಗಾವಲಿನ ಕಾಲಾಳು ಈಗಷ್ಟೇ ಖಾಲಿ ಮಾಡಿದ ಮನೆಯಲ್ಲಿ ಇಳಿಯುತ್ತಾನೆ. ಇಳಿದು, ಮುಂದಿರುವ ಕಾಲಾಳಿಗೆ ತಾನೇ ಕಾವಲು ನಿಲ್ಲುತ್ತಾನೆ. ಎದುರಾಳಿಯ ಕುದುರೆ ಹೋಯಿತು, ಶಹವೂ ಹೋಯಿತು. ನಾನು ಗಣಿತದವನು, ಒಂದು ಲೆಕ್ಕ ಚೆಂದವಾಗಿದ್ದರೆ ಮೈ ಝುಂ ಅನ್ನುತ್ತದೆ. ಆ ಓದಿಲ್ಲದ ಮನುಷ್ಯನ ಬುದ್ಧಿಗೆ ನಾನು ಕೂತಲ್ಲೇ ಕೈ ಮುಗಿದೆ.

ಆದರೆ ಪುಸ್ತಕದ ಚೆಸ್ಸಿನಲ್ಲಿ ರಾಜ ಹಾರುವುದಿಲ್ಲ. ರಾಜ ಹಾರದಿದ್ದರೆ ಆ ನಡೆ ಸತ್ತ ನಡೆ. ತೊಂದರೆ ಶುರುವಾದದ್ದೇ ಅಲ್ಲಿ.

ಹುಲುಗಣ್ಣ ಅದನ್ನು ನನಗೆ ಹೇಳಿದ್ದು ಒಂದು ಸಂಜೆ, ಅಂಗಿಗೆ ಕಾಜಾ ಹಾಕುತ್ತ, ತಲೆ ಎತ್ತದೆ. ಅರಸೀಕೆರೆಯ ಕಟ್ಟೆಯ ಮೇಲೆ ಓಬಳೇಶಪ್ಪ ದಿನಾ ಆಡುತ್ತಿದ್ದರು. ಊರಿಗೆ ಊರೇ ಅವರನ್ನು ಆಟದಲ್ಲಿ ದೊಡ್ಡವರು ಅನ್ನುತ್ತಿತ್ತು. ಕಾಂತೇಶ ಎಂಬ ಆ ಊರಿನವನೇ ಒಬ್ಬ ಕಾಲೇಜು ಓದಿ ಬಂದ, ಬರುವಾಗ ಪ್ಲಾಸ್ಟಿಕ್ಕಿನ ಬೋರ್ಡು ತಂದ. ಓಬಳೇಶಪ್ಪಜ್ಜನ ಎದುರು ಕೂತ. ಶಹ ಕೊಟ್ಟ. ಅಜ್ಜ ರಾಜನನ್ನು ಹಾರಿಸಿದರು. ಕಾಂತೇಶ ಜನರ ಮುಂದೆ ನಕ್ಕು, ಇದು ಕುರಿ ಕಾಯುವವರ ಆಟ, ಇದನ್ನು ಯಾರೂ ಚೆಸ್ ಅನ್ನುವುದಿಲ್ಲ, ನಲವತ್ತು ವರ್ಷ ನೀವು ಆಡಿದ್ದೆಲ್ಲ ತಪ್ಪು ಅಂದನಂತೆ. ಪುಸ್ತಕದ ಕಾನೂನಿನ ಪ್ರಕಾರ ಮತ್ತೆ ಮೂರು ಆಟ ಆಡಿಸಿ ಮೂರರಲ್ಲೂ ಸೋಲಿಸಿದನಂತೆ. ಅಜ್ಜ ಎದ್ದರು. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು. ಆಮೇಲೆ ಕಟ್ಟೆಯ ಕಡೆ ತಲೆ ಹಾಕಲಿಲ್ಲ. ಹುಲುಗಣ್ಣ ಭಾನುವಾರ ಊರಿಗೆ ಹೋದಾಗ, ಒಳಗೆ ಕೂತು, ಬಾಗಿಲು ಮುಂದೆ ಮಾಡಿ, ಮಗನ ಜೊತೆ ಮಾತ್ರ ಆಡುತ್ತಿದ್ದರು.

"ಅವರ ಕಾನೂನಿನಾಗನೇ, ಅಪ್ಪನ ನಡಿ ಇಟ್ಟು, ಒಂದ್ ಆಟ ಗೆಲ್ಲಬೇಕ್ರಿ ಮೇಷ್ಟ್ರೆ," ಅಂದ. "ದೊಡ್ಡ ಪಂದ್ಯದಾಗ. ನಾಕು ಜನ ನೋಡಿರಬೇಕು. ಅಪ್ಪ ಮತ್ತ ಕಟ್ಟಿಗೆ ಹೋಗಿ ಕುಂದ್ರಬೇಕು. ಅಷ್ಟ ನಂಗ ಬೇಕಾಗಿರದು."

ಅದಕ್ಕೇ ಅವನು ಒಬ್ಬನೇ ಕೂತು ಆಡುತ್ತಿದ್ದದ್ದು. ರಾಜ ಹಾರದೆಯೂ ಆ ನಡೆ ಬದುಕುವ ದಾರಿ ಹುಡುಕುತ್ತಿದ್ದ.

ಮರುವರ್ಷ ದಾವಣಗೆರೆಗೆ ಹೋದಾಗ ನಾನೊಂದು ಪುಸ್ತಕ ತಂದೆ. ಕೆಂಪು ರಟ್ಟಿನದು, ಇಂಗ್ಲಿಷಿನದು. ಯಾವ ನಡೆಗೆ ಯಾವ ಉತ್ತರ ಅಂತ ಎಲ್ಲ ಬರೆದಿದ್ದರು. ಹುಲುಗಣ್ಣನ ನಡೆಗೂ ಒಂದು ಹೆಸರಿತ್ತು. ಅದರ ಮುಂದೆ ಒಂದು ಪ್ರಶ್ನೆ ಗುರುತು ಹಾಕಿ, ಕುದುರೆಯಿಂದ ಹೊಡೆಯಿರಿ, ಅವನು ಕಾಲಾಳಿನಿಂದ ನಿಮ್ಮ ಕುದುರೆ ತೆಗೆದುಕೊಂಡರೆ ವಜೀರನಿಂದ ಶಹ ಕೊಡಿ, ಮುಂದೆ ಕಪ್ಪಿಗೆ ಉಳಿವಿಲ್ಲ ಅಂತ ಬರೆದಿದ್ದರು. ಮರುದಿನ ಸಂಜೆಯೇ ಪ್ರಯೋಗಿಸಿದೆ. ಹನ್ನೊಂದು ನಡೆಗೆ ಆಟ ಮುಗಿಯಿತು. ಅಲ್ಲಿಯವರೆಗೆ ನಾನು ಕುದುರೆ ಕಳೆದುಕೊಳ್ಳಲು ಹೆದರಿ ಆ ಕಾಲಾಳನ್ನು ಹೊಡೆದಿರಲಿಲ್ಲ, ನಾವಿಬ್ಬರೂ ಸಮಸಮ ಆಡುತ್ತಿದ್ದವರು. ಅವತ್ತಿನಿಂದ ನಾನೇ ನಾನು.

ಪುಟ ತಿರುಗಿಸಿದರೆ ಇನ್ನೊಂದು ಮಾತಿತ್ತು. ಕುದುರೆ ಹೊಡೆದಾಗ ಕಪ್ಪಿನವನು ಅದನ್ನು ಮುಟ್ಟಲೇಬಾರದು. ಸಿಕ್ಕಿದ ಕುದುರೆಯನ್ನು ಹಾಗೇ ಬಿಟ್ಟು, ತನ್ನ ವಜೀರನನ್ನು ರಾಜನ ಮುಂದಿನ ಮನೆಗೆ ತರಬೇಕು. ಆಗ ಬಿಳಿಯ ಕುದುರೆ ಹಿಂದೆ ಓಡಲೇಬೇಕು, ಕಪ್ಪು ವಜೀರ ಎದುರಿನ ಕಾಲಾಳನ್ನು ಹೊಡೆದು ತಿರುಗಿ ಶಹ ಕೊಡುತ್ತಾನೆ. ಆಗಲೂ ಕಪ್ಪಿಗೆ ಸ್ವಲ್ಪ ಇಕ್ಕಟ್ಟೇ. ಆದರೆ ಸಾಯುವುದಿಲ್ಲ. ಚೆನ್ನಾಗಿ ಆಡುವವನು ಗೆಲ್ಲಲೂಬಹುದು.

ಹುಲುಗಣ್ಣ ಓದಿದ್ದು ಏಳನೆಯ ಕ್ಲಾಸು, ಇಂಗ್ಲಿಷು ಬರುತ್ತಿರಲಿಲ್ಲ. ನನ್ನ ಚೀಲದಿಂದ ಇಣುಕುತ್ತಿದ್ದ ಆ ಕೆಂಪು ರಟ್ಟನ್ನು ನೋಡಿ ಒಂದು ದಿನ ಕೇಳಿದ, ಇದಕ್ಕೆ ಏನಾದರೂ ಮದ್ದು ಬರೆದಿದ್ದಾರೇನು ಅಂತ. ನಾನು ಇಲ್ಲ ಅಂದೆ. ಆ ನಡೆಯೇ ಕೆಟ್ಟದ್ದು, ಬಿಟ್ಟುಬಿಡು ಅಂದೆ.

ಯಾಕೆ ಹಾಗಂದೆ ಅಂತ ಕೇಳಿದರೆ ಸುತ್ತಿ ಬಳಸಿ ಹೇಳುವುದಿಲ್ಲ. ಹೊಟ್ಟೆಕಿಚ್ಚು. ಶಾಲೆಯಲ್ಲಿ ನನಗಿಂತ ಚಿಕ್ಕವನು ಹೆಡ್‌ಮೇಷ್ಟ್ರಾಗಿ ನನ್ನ ತಲೆ ಮೇಲೆ ಕೂತಿದ್ದ. ಮನೆಯಲ್ಲಿ ನನ್ನ ಮಾತು ಯಾರಿಗೂ ಬೇಕಿರಲಿಲ್ಲ. ದಿನಕ್ಕೊಂದು ಗೆಲುವು ಅಂತ ಸಿಗುತ್ತಿದ್ದದ್ದು ಆ ಸ್ಟೂಲಿನ ಮೇಲೆ ಮಾತ್ರ. ಅದನ್ನೂ ಕೈಯಾರೆ ಕೊಟ್ಟು ಬರಲು ಮನಸ್ಸಾಗಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ಒಮ್ಮೆ ಸುಳ್ಳು ಹೇಳಿದ ಮೇಲೆ ನಾಳೆ ಹೇಳುವುದು ಇನ್ನೂ ಕಷ್ಟ.

ಅವನೋ, ಬಿಡುವವನಲ್ಲ. ದಿನಾ ಅದೇ ಎರಡನೆಯ ನಡೆ, ದಿನಾ ಸೋಲು. ಶಹ ಬಿದ್ದಾಗ ಒಂದು ದಿನ ರಾಜನನ್ನು ಮುಂದೆ ತರುತ್ತಿದ್ದ, ಒಂದು ದಿನ ಅಡ್ಡ ಕಾಲಾಳು ಇಟ್ಟು ಆನೆ ಕಳೆದುಕೊಳ್ಳುತ್ತಿದ್ದ. ಕುದುರೆಯನ್ನು ಹೊಡೆಯದೆ ಬಿಡುವುದು ಮಾತ್ರ ಅವನ ತಲೆಗೆ ಹೊಳೆಯಲಿಲ್ಲ. ಮನೆ ಬಾಗಿಲಿಗೆ ಬಂದು ಹೊಡೆದವನನ್ನು ಸುಮ್ಮನೆ ಬಿಡುವುದುಂಟೇ? ಅಪ್ಪ ಹಾಗೆ ಕಲಿಸಿರಲಿಲ್ಲ. ಇದೇ ಯೋಚನೆಯಲ್ಲಿ ಒಮ್ಮೆ ಮೆಡಿಕಲ್ ಅಂಗಡಿಯವನ ಅಂಗಿಗೆ ಬಲಗಡೆ ಜೇಬು ಹೊಲಿದುಬಿಟ್ಟ. ಆ ಮಹಾನುಭಾವ ಎರಡು ವರ್ಷ ಹಾಗೇ ಹಾಕಿಕೊಂಡು ತಿರುಗಿದ. ಸೋತಾಗಲೆಲ್ಲ ಹುಲುಗಣ್ಣ ಕಾಯಿಗಳನ್ನು ಡಬ್ಬಿಗೆ ತುಂಬುತ್ತ ನಾಳೆ ನೋಡೋಣ ಅನ್ನುತ್ತಿದ್ದ. ಸಿಟ್ಟು ಮಾಡಿಕೊಂಡದ್ದನ್ನು ನಾನು ಕಾಣೆ. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಒಂದು ಭಾನುವಾರ ನನ್ನನ್ನು ಅರಸೀಕೆರೆಗೆ ಕರೆದುಕೊಂಡು ಹೋದ. ಓಬಳೇಶಪ್ಪನವರಿಗೆ ಆಗಲೇ ಕಣ್ಣು ಮಂಜಾಗಿತ್ತು. ಕಾಯಿಗಳನ್ನು ಬೆರಳಿನಿಂದ ಸವರಿ ಗುರುತಿಸುತ್ತಿದ್ದರು. ಹುಲುಗಣ್ಣನ ಹೆಂಡತಿ ಮರುಳಸಿದ್ದಮ್ಮ ರೊಟ್ಟಿ, ಕೆನೆಮೊಸರು, ಶೇಂಗಾ ಚಟ್ನಿ ತಂದಿಟ್ಟಳು. ಅಜ್ಜ ನನ್ನ ಜೊತೆ ತಮ್ಮ ಕಾನೂನಿನಲ್ಲಿ ಆಡಿದರು. ನಾನು ಬೇಕೆಂದೇ ಕುದುರೆಯಿಂದ ಹೊಡೆದು ಶಹ ಕೊಟ್ಟೆ. ಅಜ್ಜನ ರಾಜ ಹಾರಿ ಕೂತ, ಮುಂದೆ ಅರ್ಧ ಗಂಟೆಯಲ್ಲಿ ನನ್ನನ್ನು ಬಳಿದು ಹಾಕಿದರು. ಗೆದ್ದ ಖುಷಿಗೆ ಅವರ ಮುಖ ಅರಳಿತು. ಸ್ವಲ್ಪ ಹೊತ್ತಿಗೆ ಮತ್ತೆ ಮಂಕಾದರು.

"ಅವರ ಆಟದಾಗ ರಾಜ ಹಾರಂಗೇ ಇಲ್ಲಂತಲ್ರಿ ಮೇಷ್ಟ್ರೆ," ಅಂದರು. "ಮತ್ತ ಅವ ಹೆಂಗ ಬದುಕ್ತಾನ?"

ನನ್ನ ಹತ್ತಿರ ಉತ್ತರ ಇತ್ತು. ಚೀಲದಲ್ಲಿ ಪುಸ್ತಕವೂ ಇತ್ತು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

೧೯೯೭ರ ಫೆಬ್ರುವರಿಯಲ್ಲಿ ಕೊಟ್ಟೂರಿನ ಒಂದು ಕಲ್ಯಾಣ ಮಂಟಪದಲ್ಲಿ ಪಂದ್ಯಾವಳಿ ಇಟ್ಟರು. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ನಾಲ್ಕೂ ತಾಲ್ಲೂಕಿನಿಂದ ಆಟಗಾರರು ಬರುವವರಿದ್ದರು. ನೋಟೀಸು ಓದಿ ಹೇಳಿದವನು ನಾನೇ. ಹುಲುಗಣ್ಣ ತನಗೊಂದು ಹೊಸ ಬಿಳಿ ಅಂಗಿ ಹೊಲಿದುಕೊಂಡ. ಅಂಗಡಿ ಇಟ್ಟ ಮೇಲೆ ತನಗಾಗಿ ಹೊಲಿದುಕೊಂಡ ಮೊದಲ ಅಂಗಿ ಅದೇ ಅಂದ.

ಬೆಳಗಿನ ಬಸ್ಸು. ಕಿಟಕಿಯ ಹತ್ತಿರ ಅವನು, ಪಕ್ಕದಲ್ಲಿ ನಾನು. ಊರು ದಾಟಿದ ಮೇಲೆ ಎರಡು ಸಲ ಹೇಳಿಬಿಡೋಣ ಅಂತ ಬಾಯಿ ತೆಗೆದೆ. ಮೂರು ವರ್ಷ ಯಾಕೆ ಹೇಳಲಿಲ್ಲ ಅಂತ ಕೇಳಿದರೆ? ಬಸ್ಸಿನಲ್ಲಿ ಜನರಿದ್ದಾರೆ ಅಂತ ನೆವ ಮಾಡಿಕೊಂಡೆ. ಬಿಳಿ ಕಾಯಿ ಸಿಕ್ಕರೆ ಅವನಿಗೆ ಈ ತಾಪತ್ರಯವೇ ಇಲ್ಲ, ಎಲ್ಲ ಆಟದಲ್ಲೂ ಬಿಳಿಯೇ ಸಿಗಲಿ ಅಂತ ದೇವರನ್ನು ಬೇಡಿಕೊಂಡೆ. ಅಂಥ ಬೇಡಿಕೆಗೆ ದೇವರು ಕಿವಿಗೊಡುತ್ತಾನೆಯೇ?

ಮೊದಲ ಆಟ ಬಿಳಿ, ಗೆದ್ದ. ಎರಡನೆಯದು ಕಪ್ಪು. ಎದುರಿನವನು ಹೆದರಿ ಕುದುರೆಯಿಂದ ಹೊಡೆಯಲೇ ಇಲ್ಲ, ಆಟ ಸಮವಾಯಿತು. ಮೂರನೆಯದು ಮತ್ತೆ ಬಿಳಿ, ಗೆದ್ದ. ನಾಲ್ಕನೆಯ ಆಟಕ್ಕೆ ಅವನನ್ನು ವೇದಿಕೆಯ ಮೇಲಿನ ಟೇಬಲ್ಲಿಗೆ ಕರೆದರು. ನೋಡಲು ಮೂವತ್ತು ನಲವತ್ತು ಜನ ಸೇರಿದರು. ಎದುರಿಗೆ ಹಗರಿಬೊಮ್ಮನಹಳ್ಳಿಯ ಸುಮಲತಾ, ಡಿಗ್ರಿ ಓದುತ್ತಿದ್ದವಳು. ಹುಲುಗಣ್ಣನಿಗೆ ಕಪ್ಪು.

ಅವಳು ಕುದುರೆ ಬಿಟ್ಟಳು. ಅವನು ತನ್ನ ಎರಡನೆಯ ನಡೆ ನಡೆಸಿ, ಜನರ ಮಧ್ಯೆ ನನ್ನನ್ನು ಹುಡುಕಿ, ಸ್ವಲ್ಪ ನಕ್ಕ. ಅವಳು ಯೋಚನೆಯನ್ನೂ ಮಾಡದೆ ಕುದುರೆಯಿಂದ ಹೊಡೆದಳು. ಅವನು ಕಾಲಾಳಿನಿಂದ ಕುದುರೆ ತೆಗೆದ. ಅವಳು ವಜೀರನನ್ನು ತಂದು ಶಹ ಕೊಟ್ಟಳು.

ಹುಲುಗಣ್ಣ ಹತ್ತು ನಿಮಿಷ ಕದಲದೆ ಕೂತ. ಹೊಸ ಅಂಗಿಯ ಬೆನ್ನು ಬೆವರಿಗೆ ಒದ್ದೆಯಾಯಿತು. ನನ್ನ ಜೊತೆ ಮೂರು ವರ್ಷ ಪುಸ್ತಕದ ಕಾನೂನಿನಲ್ಲೇ ಆಡಿದವನು, ಅವನಿಗೆ ತಿಳಿಯದ್ದೇನಲ್ಲ. ಆದರೆ ಎಂಟು ವರ್ಷದವನಿದ್ದಾಗ ಕಂಬಳಿಯ ಮೇಲೆ ಕಲಿತದ್ದು ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಗಾಬರಿಯಲ್ಲಿ ಕೈ ತನ್ನ ಹಳೆಯ ದಾರಿ ಹಿಡಿಯಿತು. ರಾಜನನ್ನು ಎತ್ತಿದ, ಹಾರಿಸಿದ, ಆ ಖಾಲಿ ಮನೆಯಲ್ಲಿ ಇಳಿಸಿದ.

ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಹಿಂದಿನಿಂದ ಒಬ್ಬ ನಕ್ಕ, ನಗು ಸುತ್ತಲೂ ಹರಡಿತು. ಯಾರೋ, ರಾಜನಿಗೆ ರೆಕ್ಕೆ ಬಂದಿದೆ ಅಂದರು. ತೀರ್ಪುಗಾರರು ಬಂದು, ಇದು ನಡೆಯಲ್ಲ, ಮುಟ್ಟಿದ್ದೀರಿ, ರಾಜನನ್ನೇ ನಡೆಸಬೇಕು ಅಂದರು. ರಾಜನಿಗೆ ಇದ್ದದ್ದು ಒಂದೇ ಮನೆ. ಅಲ್ಲಿಂದ ಎಂಟು ನಡೆಗೆ ಎಲ್ಲ ಮುಗಿಯಿತು. ನಾನು ಕಂಬದ ಹಿಂದೆ ನಿಂತಿದ್ದೆ. ನಗುತ್ತಿದ್ದವರ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಮೊದಲು ಯಾರ ಕೆನ್ನೆಗೆ ಅಂತಲೂ ಗೊತ್ತಿತ್ತು.

ಸುಮಲತಾ ಮಾತ್ರ ನಕ್ಕಿರಲಿಲ್ಲ. ಆಟ ಮುಗಿದ ಮೇಲೆ ಜನ ಚದುರಿದರು. ಅವಳು ಅಲ್ಲೇ ಕೂತು, ಅದೇನು ಹಾಗೆ ಹಾರಿಸಿದಿರಿ ಅಂತ ಕೇಳಿದಳು. ಹುಲುಗಣ್ಣ ಅಪ್ಪನ ಆಟದ ಕಾನೂನು ಹೇಳಿದ. ಅವಳು ಕಾಯಿಗಳನ್ನು ತಿರುಗಿ ಜೋಡಿಸಿ ನೋಡಿ, ಹಾಗಾದರೆ ನಾನೇ ಸೋಲುತ್ತಿದ್ದೆ ಅಂದಳು. ನಿಜವಾಗಿ ಮೆಚ್ಚಿ ಅಂದಳು. ಆಮೇಲೆ ಕಪ್ಪು ವಜೀರನನ್ನು ರಾಜನ ಮುಂದಿನ ಮನೆಗೆ ಸರಿಸಿದಳು.

"ಕುದುರಿ ಮುಟ್ಟದ, ಹಿಂಗ ವಜೀರನ್ನ ತಂದಿದ್ರ ನಂಗ ಭಾರಿ ಕಷ್ಟ ಆಗ್ತಿತ್ರಿ," ಅಂದಳು. "ಪುಸ್ತಕದಾಗ ಐತಲ್ರಿ. ನಮ್ ಕಾಲೇಜ್ ಲೈಬ್ರರಿಯಾಗ ಕೆಂಪು ರಟ್ಟಿಂದು ಅದ. ನೀವು ನೋಡಿಲ್ಲೇನು?"

ಹುಲುಗಣ್ಣ ಆ ವಜೀರನನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತಲೆ ಎತ್ತಿ ನನ್ನ ಕಡೆ ತಿರುಗಿದ. ನನ್ನ ಹೆಗಲಿನ ಚೀಲದಲ್ಲಿ ಆ ಕೆಂಪು ರಟ್ಟು ಅರ್ಧ ಹೊರಗೆ ಇಣುಕುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವಾಪಸು ಬರುವ ಬಸ್ಸಿನಲ್ಲಿ ನನಗೆ ಕಿಟಕಿ ಬಿಟ್ಟುಕೊಟ್ಟ. ಅರ್ಧ ದಾರಿ ಕಳೆಯಿತು. ಆಮೇಲೆ, ಯಾರದೋ ಊರಿನ ವಿಷಯ ಕೇಳುವವನಂತೆ, ಎಷ್ಟು ದಿನದಿಂದ ಗೊತ್ತಿತ್ತು ಅಂತ ಕೇಳಿದ. ಮೂರು ವರ್ಷ ಅಂದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಬರ್ತೀನ್ರಿ ಅಂತ ಹೇಳಿ ಅಂಗಡಿಯ ಕಡೆ ಹೋದ. ಬೈದಿದ್ದರೆ ನಾನೂ ಎರಡು ಮಾತು ಕೂಗಾಡಿ ಹಗುರಾಗುತ್ತಿದ್ದೆ. ನನ್ನ ಸಿಟ್ಟಿಗೆ ಊರೆಲ್ಲ ಹೆದರುತ್ತಿತ್ತು, ಅವತ್ತು ಅದು ಯಾವ ಕೆಲಸಕ್ಕೂ ಬರಲಿಲ್ಲ.

ನಾಲ್ಕು ತಿಂಗಳು ನಾನು ಆ ಸಾಲಿನಲ್ಲಿ ನಡೆಯಲಿಲ್ಲ. ಬಸ್ಸಿಳಿದು ಹಿಂದಿನ ಓಣಿಯಿಂದ ಮನೆಗೆ ಹೋಗುತ್ತಿದ್ದೆ. ಸಂಜೆ ಐದೂವರೆ ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ನೀಲಗಂಗಮ್ಮ ಏನಾಯಿತು ಅಂತ ಕೇಳಿದಳು, ಆಟ ಬೇಜಾರಾಯಿತು ಅಂದೆ. ಅವಳು ನಂಬಲಿಲ್ಲ.

ಕೊನೆಗೆ ಒಂದು ರಜೆಯ ದಿನ ಕೂತು, ಪುಸ್ತಕದ ಆ ಪುಟವನ್ನು ಕನ್ನಡದಲ್ಲಿ ಬರೆದೆ. ವಜೀರ ಬಂದ ಮೇಲೆ ಬಿಳಿಯವನು ಏನೇನು ಮಾಡಬಹುದು, ಪ್ರತಿಯೊಂದಕ್ಕೂ ಉತ್ತರ ಏನು, ಹತ್ತು ನಡೆಯವರೆಗೆ, ಚಿತ್ರ ಸಮೇತ, ಬೋರ್ಡಿನ ಮೇಲೆ ಬರೆಯುವಷ್ಟು ಸ್ಫುಟವಾಗಿ. ಎಂಟು ಹಾಳೆಯಾಯಿತು. ಹುಲುಗಣ್ಣ ಊಟಕ್ಕೆ ಹೋಗುವ ಹೊತ್ತು ನೋಡಿ, ಕಳ್ಳನ ಹಾಗೆ ಹೋಗಿ, ಕತ್ತರಿಯ ಕೆಳಗೆ ಇಟ್ಟು ಬಂದೆ. ತಪ್ಪಾಯಿತು ಅಂತ ಒಂದು ಸಾಲು ಬರೆಯಲು ಮೂರು ಸಲ ಪೆನ್ನು ಎತ್ತಿದೆ. ಬರೆಯಲಾಗಲಿಲ್ಲ, ಬರೀ ನಡೆಗಳನ್ನಷ್ಟೇ ಇಟ್ಟೆ. ಅವನಿಂದ ಹೌದು ಅಲ್ಲ ಅಂತ ಏನೂ ಬರಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಮರುವರ್ಷ ಹಡಗಲಿಯಲ್ಲಿ ಪಂದ್ಯಾವಳಿ ನಡೆಯಿತು. ಹುಲುಗಣ್ಣ ಒಬ್ಬನೇ ಹೋದ. ಕಪ್ಪು ಕಾಯಿ ಹಿಡಿದು, ಅದೇ ಎರಡನೆಯ ನಡೆ ನಡೆಸಿ, ವಜೀರನನ್ನು ತಂದು, ಕೂಡ್ಲಿಗಿಯ ಒಬ್ಬ ಒಳ್ಳೆಯ ಆಟಗಾರನನ್ನು ಸೋಲಿಸಿದ. ಬಹುಮಾನ ಬರಲಿಲ್ಲ, ಉಳಿದ ಆಟಗಳಲ್ಲಿ ಸೋತಿದ್ದ. ಅವನಿಗೆ ಅದರ ಪರಿವೆ ಇರಲಿಲ್ಲ. ಆ ಆಟದ ನಡೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿ, ತೀರ್ಪುಗಾರರ ಸಹಿ ಹಾಕಿಸಿಕೊಂಡು, ನೇರ ಅರಸೀಕೆರೆಯ ಬಸ್ಸು ಹತ್ತಿದ.

ಹದಿನೈದು ದಿನಕ್ಕೆ ನನಗೆ ಹೇಳಿಕೆ ಬಂತು. ಓಬಳೇಶಪ್ಪನವರು ಮೇಷ್ಟ್ರು ಬರಲೇಬೇಕು ಅಂತ ಹೇಳಿ ಕಳಿಸಿದ್ದರು. ಹುಲುಗಣ್ಣ ಎಲ್ಲ ಹೇಳಿರಬೇಕು, ಮುಖಕ್ಕೆ ಉಗಿಯಲು ಕರೆಸುತ್ತಿದ್ದಾರೆ ಅಂದುಕೊಂಡೆ. ಉಗಿಸಿಕೊಂಡೇ ಬರೋಣ, ಅದೂ ಒಂದು ಮುಗಿಯಲಿ ಅಂತ ಭಾನುವಾರ ಹೊರಟೆ.

ಊರೊಳಗೆ ಕಾಲಿಟ್ಟರೆ, ಅಜ್ಜ ಕಟ್ಟೆಯ ಮೇಲೆ ಕೂತಿದ್ದರು. ಸುತ್ತ ಹದಿನೈದು ಇಪ್ಪತ್ತು ಜನ. ಮುಂದೆ ಹುಲುಗಣ್ಣನ ಆ ಬಟ್ಟೆ ಹಾಸಿತ್ತು, ಅವನು ಪಕ್ಕದಲ್ಲಿ ಕೂತು ಕಾಯಿ ಜೋಡಿಸುತ್ತಿದ್ದ. ವರ್ಷದ ಮೇಲಾಗಿತ್ತು ಅವನನ್ನು ನೋಡಿ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಬರ್ರಿ ಅಂದ, ಜಾಗ ಮಾಡಿದ. ಐದಾರು ವರ್ಷ ಬಾಗಿಲು ಮುಂದೆ ಮಾಡಿಕೊಂಡು ಆಡಿದ ಮುದುಕ ಹಗಲು ಬೆಳಕಿನಲ್ಲಿ ಎದೆಯೆತ್ತಿ ಕೂತಿದ್ದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಧೂಳು ಅಂತ ಒರೆಸಿಕೊಂಡೆ.

ಅಜ್ಜ ನನ್ನ ದನಿ ಕೇಳಿ ಕೈ ಚಾಚಿದರು. ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು ಹಡಗಲಿಯ ಆಟವನ್ನು ಮೊದಲಿನಿಂದ ಹೇಳಿದರು. ಕೈಗೆ ಸಿಕ್ಕ ಕುದುರೆಯನ್ನು ಮಗ ಬಿಟ್ಟ ಅಂದಾಗ ಮೊದಲು ಸಿಟ್ಟು ಬಂದಿತ್ತಂತೆ. ಆಮೇಲೆ ಬೆರಳಲ್ಲಿ ಸವರಿ ಸವರಿ ನೋಡಿದಾಗ ತಿಳಿಯಿತಂತೆ, ಹಾರದೆಯೂ ರಾಜ ಬದುಕುವ ದಾರಿ ಇದೆ ಅಂತ. ಕಟ್ಟೆಯ ಜನ ಈ ಕಥೆಯನ್ನು ಎಷ್ಟು ಸಲ ಕೇಳಿದ್ದರೋ, ಆದರೂ ತಲೆದೂಗುತ್ತಿದ್ದರು.

ಆಮೇಲೆ ಅಜ್ಜ ನನ್ನ ಕೈ ಬಿಡದೆ ಜನರ ಕಡೆ ಮುಖ ತಿರುಗಿಸಿದರು.

"ಇವರ ನೋಡ್ರಿ ನನ್ನ ಮಗಗ ಕಲಿಸಿದ ಗುರುಗಳು," ಅಂದರು. "ಎಂಟು ಹಾಳಿ ಬರದು ಕೊಟ್ಟಾರ. ಇದ್ದ ವಿದ್ಯೆ ಯಾರು ಕೊಡ್ತಾರ ಈಗಿನ ಕಾಲದಾಗ? ಇವರು ಒಂದ್ ದಿನ, ಒಂದ್ ನಡಿ ನನ್ನ ಮಗನಿಂದ ಮುಚ್ಚಿಟ್ಟವರಲ್ಲ. ಹೌದಿಲ್ಲೇನಲೇ ಹುಲುಗ?"

ಜನರೆಲ್ಲ ನನ್ನನ್ನು ನೋಡಿದರು. ನನ್ನ ಕೈ ಅಜ್ಜನ ಕೈಯಲ್ಲೇ ಇತ್ತು, ಬಿಡಿಸಿಕೊಳ್ಳಲು ಆಗಲಿಲ್ಲ. ಹುಲುಗಣ್ಣ ಕಪ್ಪು ಕಾಯಿಗಳನ್ನು ಒಂದೊಂದಾಗಿ ನೆಟ್ಟಗೆ ನಿಲ್ಲಿಸುತ್ತಿದ್ದ, ತಲೆ ಎತ್ತಲಿಲ್ಲ.

"ಹೌದಪ್ಪ," ಅಂದ. "ಎಲ್ಲಾ ಹೇಳಿಕೊಟ್ಟಾರ."